ಎಲ್ಲರ ಊಟ ಆದ ಮೇಲೆ

ನಾನು ಸಮುದ್ರ ನೋಡಿ ಬಂದಿದ್ದೇನೆ. ಆದರೆ ಸಮುದ್ರದ ಬಗ್ಗೆ ನನ್ನನ್ನು ಏನೂ ಕೇಳಬೇಡಿ. ನನಗೆ ಊರುಗಳು ನೆನಪಿರುವುದು ಅಲ್ಲಿ ಉಂಡದ್ದರಿಂದ. ಬಾದಾಮಿ ಎಂದರೆ ನನ್ನ ಕಣ್ಣಿಗೆ ಗುಹೆಗಳು ಬರುವುದಿಲ್ಲ, ಬುಟ್ಟಿ ಹೊತ್ತು ಬಂದ ಹೆಂಗಸು ಮರದ ನೆರಳಲ್ಲಿ ಕೊಟ್ಟ ರೊಟ್ಟಿ ಮೊಸರು ಬರುತ್ತದೆ. ಹೋದಲ್ಲೆಲ್ಲ ಏನು ತಿಂದೆ, ಹೇಗಿತ್ತು ಎಂದು ಡೈರಿಯಲ್ಲಿ ಬರೆದಿಡುವ ಚಟ ನನಗೆ. ನಮ್ಮ ಮನೆಯವರು ಒಮ್ಮೆ ಅದನ್ನು ತಿರುವಿ ನೋಡಿ, "ಇದಕ್ಕ ಡೈರಿ ಅನ್ನಬ್ಯಾಡ, ತಾಟು ಅನ್ನು" ಎಂದರು. ಗೋಕರ್ಣದಲ್ಲಿ ಕಳೆದ ನಾಲ್ಕು ದಿನಕ್ಕೆ ಆ ಡೈರಿಯಲ್ಲಿ ಹನ್ನೊಂದು ಪುಟ ಹಿಡಿದಿದೆ. ಅದರಲ್ಲಿ ಸಮುದ್ರಕ್ಕೆ ಸಿಕ್ಕಿರುವುದು ಒಂದೇ ಸಾಲು: "ಸಮುದ್ರ ದೊಡ್ಡದಿದೆ."

ಉಳಿದದ್ದೆಲ್ಲ ನಮ್ಮ ಅಕ್ಕನ ಊಟದ ಕತೆ.

ನೀಲಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಸುರಪುರದಲ್ಲಿ ಕಚೇರಿಗಳ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷ ಖಾನಾವಳಿ ನಡೆಸಿದಳು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹನ್ನೆರಡು ಗಂಟೆಗೆ ರೊಟ್ಟಿ ಬಡಿಯುವ ಸದ್ದೇ ಬೋರ್ಡು. ಮಾಸ್ತರರು, ವಕೀಲರ ಗುಮಾಸ್ತರು, ಹೊಲದ ಉತಾರೆ ತೆಗೆಸಲು ಬಂದ ಹಳ್ಳಿಯವರು, ಕೊಡೇಕಲ್ಲಿಗೆ ಹೊರಟ ಭಕ್ತರು, ಎಲ್ಲರೂ ಅಲ್ಲಿ ಚಾಪೆಯ ಮೇಲೆ ಒಂದೇ ಸಾಲು. ಹೈಸ್ಕೂಲಿನಿಂದ ಕಾಲೇಜು ಮುಗಿಯುವ ತನಕ ನಾನು ಆ ಮನೆಯಲ್ಲೇ ಬೆಳೆದೆ. ಹಂಚಿನಿಂದ ಇಳಿದ ಮೊದಲ ರೊಟ್ಟಿ, ಹೊಟ್ಟೆ ಉಬ್ಬಿಸಿಕೊಂಡು ಹಬೆ ಬಿಡುತ್ತಿದ್ದ ರೊಟ್ಟಿ, ನನ್ನ ತಾಟಿಗೇ ಬೀಳುತ್ತಿತ್ತು. "ಸಾಲಿಗಿ ಹೊತ್ತಾಗ್ತದ, ನೀ ಮೊದಲ ಉಣ್ಣು." ಅಂದಿನಿಂದ ಇಂದಿನ ತನಕ ನಾನು ಮೊದಲು ಉಣ್ಣುವವಳೇ. ಲಗ್ನವಾದ ಮನೆಯಲ್ಲೂ ಹಾಗೇ ನಡೆಯಿತು, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸದ ಪುಣ್ಯ.

ಅಕ್ಕ ಉಣ್ಣುತ್ತಿದ್ದುದು ಮೂರು ಗಂಟೆಗೆ. ಖಾನಾವಳಿಯವರದೊಂದು ಪದ್ಧತಿ ಇದೆ. ಉಣ್ಣದವನು ಒಬ್ಬನೇ ಒಬ್ಬ ಉಳಿದಿದ್ದರೂ ಒಲೆಯ ಮುಂದಿನವಳು ತುತ್ತು ಎತ್ತುವಂತಿಲ್ಲ. ಎಲ್ಲರೂ ಕೈ ತೊಳೆದು ಹೋದ ಮೇಲೆ ಅಕ್ಕ ಬಾಗಿಲಿಗೆ ಬಂದು ಓಣಿಯ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಿದ್ದಳು. ಯಾರೂ ಬರುತ್ತಿಲ್ಲ ಎಂದಾದ ಮೇಲೆ ಒಲೆ ಆರಿಸಿ, ಕಟ್ಟೆ ಒರೆಸಿ, ತಳ ಹಿಡಿದ ಪುಂಡಿಪಲ್ಲೆ ಕೆರೆದುಕೊಂಡು, ಆರಿ ಹಪ್ಪಳವಾದ ರೊಟ್ಟಿಯ ಜೊತೆ ನಿಂತೇ ಊಟ ಮುಗಿಸುತ್ತಿದ್ದಳು. ಆಗ ನನಗೆ ಅದು ಕಾಣಲಿಲ್ಲ. ಹೊಟ್ಟೆ ತುಂಬಿದವರ ಕಣ್ಣಿಗೆ ಕೆಲವು ಸಂಗತಿಗಳು ಕಾಣುವುದಿಲ್ಲ, ಇದು ನನ್ನ ಸ್ವಂತ ಸಂಶೋಧನೆ.

ಕಳೆದ ದೀಪಾವಳಿಗೆ ಮೊಣಕಾಲು ಕೇಳದೆ ಅಕ್ಕ ಖಾನಾವಳಿ ಮುಚ್ಚಿದಳು. ಆಗ ನನಗೊಂದು ಆಸೆ ಹತ್ತಿತು. ಆಸೆ ಎನ್ನುವುದಕ್ಕಿಂತ ಹಂಬಲ. ಇವಳು ಒಂದು ಸಲವಾದರೂ ಕುಂತು, ಬೇರೆಯವರು ಬಡಿಸಿದ ಬಿಸಿ ಊಟವನ್ನು ಎಲ್ಲರಿಗಿಂತ ಮೊದಲು ಉಣ್ಣಬೇಕು, ನಾನು ಅದನ್ನು ಕಣ್ಣಾರೆ ನೋಡಬೇಕು. ನಾನಿರುವ ಶಹಾಪುರದಲ್ಲಾಗಲಿ, ಸುರಪುರ, ಯಾದಗಿರಿಗಳಲ್ಲಾಗಲಿ ಇದು ಆಗದ ಮಾತು. ಯಾವ ಹೋಟೆಲಿಗೆ ಕಾಲಿಟ್ಟರೂ ಒಳಗಿನಿಂದ ಯಾರೋ "ಅಕ್ಕೋರು ಬಂದಾರ" ಎಂದು ಕೂಗುತ್ತಾರೆ, ಎರಡು ನಿಮಿಷದಲ್ಲಿ ಅಕ್ಕ ಅವರ ಸಾರಿನ ರುಚಿ ನೋಡುತ್ತ ಒಲೆಯ ಹತ್ತಿರ ನಿಂತಿರುತ್ತಾಳೆ. ಅವಳ ಗುರುತೇ ಇಲ್ಲದ ಊರು ಬೇಕಾಗಿತ್ತು. ಭೀಮರಾಯನಗುಡಿಯ ಕಚೇರಿಯಲ್ಲಿ ನಮ್ಮ ಮನೆಯವರ ಜೊತೆ ಕೆಲಸ ಮಾಡುವ ಒಬ್ಬರು ಗೋಕರ್ಣದ ಹೆಸರು ಹೇಳಿದರು. ಶಿವನೂ ಇದ್ದಾನೆ, ಸಮುದ್ರವೂ ಇದೆ, ಹೋಟೆಲುಗಳಂತೂ ಕಾಲಿಗೊಂದು ತೊಡರುತ್ತವೆ ಎಂದರು.

ಹೊರಡುವ ದಿನ ಅಕ್ಕ ಬಿಳಿ ಧೋತರದಲ್ಲಿ ನಲವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಳು.

"ಅಕ್ಕಾ, ನಾವು ಹೊರಗ ಉಣ್ಣಾಕ ಹೊಂಟೀವಿ."

"ಉಣ್ಣೂಣಲ್ಲ, ಬ್ಯಾಡ ಅಂದವ್ರು ಯಾರು? ಇದು ಇರಲಿ. ತಿಂಗಳಾದ್ರೂ ಏನೂ ಆಗಂಗಿಲ್ಲ."

ನಮ್ಮ ಕಡೆಯ ಗಾಳಿಯಲ್ಲಿ ಅದು ಸುಳ್ಳಲ್ಲ. ಆದರೆ ಸಮುದ್ರದ ಗಾಳಿಯ ಲೆಕ್ಕ ನಾವಿಬ್ಬರೂ ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಲಾಡ್ಜಿನಲ್ಲಿ ಗಂಟು ಬಿಚ್ಚಿದರೆ ರೊಟ್ಟಿಗಳು ತೊಯ್ದ ಟವೆಲಿನ ಹಾಗೆ ಮಲಗಿದ್ದವು. ಅಕ್ಕ ಒಂದನ್ನು ಮುರಿಯಲು ಹೋದಳು. ಅದು ಮುರಿಯಲಿಲ್ಲ, ಬಾಗಿತು. ಮೂವತ್ತು ವರ್ಷದಲ್ಲಿ ಅವಳ ರೊಟ್ಟಿ ಬಾಗಿದ್ದು ಅದೇ ಮೊದಲು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಈ ಊರಾಗ ಗಾಳಿನೂ ತೊಳದು ಬಿಡ್ತಾರೇನು?" ಎಂದಳು. ನನಗೆ ಪಾಪ ಎನಿಸಿತು, ಒಳಗೊಳಗೇ ಸಂತೋಷವೂ ಆಯಿತು. ಇನ್ನು ಹೋಟೆಲಿಗೆ ಬರದೆ ಗತ್ಯಂತರವಿಲ್ಲವಲ್ಲ.

ಪ್ರವಾಸದ ಊರಲ್ಲಿ ಒಳ್ಳೆಯ ಊಟದ ಜಾಗ ಹುಡುಕುವುದು ಹೆಣ್ಣು ನೋಡಲು ಹೋದ ಹಾಗೆ. ಎದುರಿಗೆ ಅಲಂಕಾರ ಬಹಳ, ಬೇಕಾದ ಸಂಗತಿ ಒಳಮನೆಯಲ್ಲಿ. ನಾನು ಬೋರ್ಡು ಓದುವವಳು, ಯಾರೋ ಫೋನಿನಲ್ಲಿ ಕೊಟ್ಟ ನಕ್ಷತ್ರ ಎಣಿಸುವವಳು. ಅಕ್ಕನ ಪರೀಕ್ಷೆ ಬೇರೆ. ಟೇಬಲ್ ಒರೆಸುವ ಅರಿವೆಯ ವಾಸನೆ, ಉಳ್ಳಾಗಡ್ಡಿ ಹೆಚ್ಚಿದ ಅಂದ, ನೀರಿನ ಲೋಟದ ಅಂಚು. ಬೀದಿಯಲ್ಲೇ ನಿಂತು ಒಳಗೆ ಇಣುಕಿ "ಉಹುಂ" ಎಂದರೆ ಆ ಹೋಟೆಲಿನ ಹಣೆಬರಹ ಮುಗಿಯಿತು. ಹೀಗೆ ಏಳು ಹೋಟೆಲು ಉಹುಂ ಆದ ಮೇಲೆ ಬಿಸಿಲಿಗೆ ಸೋತು ದಂಡೆಯ ಮೇಲಿನ ಒಂದು ಚಪ್ಪರದೊಳಗೆ ಹೊಕ್ಕೆವು. ಅಲ್ಲಿ ನೆಲಕ್ಕೆ ಗಾದಿ ಹಾಸಿದ್ದರು. ತಿಂಡಿಪಟ್ಟಿಯಲ್ಲಿ ನಾಲ್ಕು ದೇಶಗಳ ಲಿಪಿ ಇತ್ತು, ನಮ್ಮದೊಂದನ್ನು ಬಿಟ್ಟು. ನಾನು ಬೆರಳಿಟ್ಟು ತೋರಿಸಿದ್ದು ದೋಸೆಯಾಗಿ ಬಂದಿತು, ದೈವ ದೊಡ್ಡದು.

ದೋಸೆ ಬಿಸಿಯಾಗಿಯೇ ಇತ್ತು. ಅಕ್ಕ ಮುಟ್ಟಲಿಲ್ಲ.

"ಯಾಕ?"

"ಆ ಮೂಲ್ಯಾಗ ಬಿಳೇ ಮುದುಕ ಕುಂತಾನಲ್ಲ, ಅವಂದು ಇನ್ನಾ ಬಂದಿಲ್ಲ."

ನಾನು ನೋಡಿದೆ. ಬಿಳಿ ಮುದುಕ ಪುಸ್ತಕ ಓದುತ್ತಿದ್ದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಅರ್ಧ ಗಂಟೆಯ ಮೇಲೆ ಅವನ ಮುಂದೆ ಹಣ್ಣಿನ ತಟ್ಟೆ ಬಂದಿತು. ಅಷ್ಟರಲ್ಲಿ ಇನ್ನೊಂದು ಜೋಡಿ ಒಳಗೆ ಬಂದು ಕುಳಿತಿತು. ಅಕ್ಕನ ದೋಸೆ ಆರಿ, ಬಿಗಿದು, ಸಮುದ್ರದ ಗಾಳಿ ಹೊಡೆದು ಬೆಳಗಿನ ರೊಟ್ಟಿಯ ತಂಗಿಯಾಗಿ ಹೋಯಿತು. ಆ ಜೋಡಿಗೂ ಬಡಿಸಿದ ಮೇಲೆ ಅದನ್ನು ಆರಾಮಾಗಿ ತಿಂದಳು.

ಎರಡನೆಯ ದಿನ ನಾನು ಜಾಣತನ ಮಾಡಿ ದೊಡ್ಡ ಹೋಟೆಲಿಗೆ ಕರೆದೊಯ್ದೆ. ಅಲ್ಲಿ ಎಲ್ಲರಿಗೂ ಒಟ್ಟಿಗೇ ಬಡಿಸುತ್ತಾರೆ, ಕಾಯುವ ಪ್ರಶ್ನೆಯಿಲ್ಲ ಎಂದು ನನ್ನ ಲೆಕ್ಕ. ಎರಡು ತುತ್ತು ಉಂಡಳು, ನನ್ನ ಎದೆ ತಣ್ಣಗಾಯಿತು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಚಡ್ಡಿಯ ಯಜಮಾನರೊಬ್ಬರು ಅಕ್ಕನ ಇಳಕಲ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು ನೋಡಿ ಏನು ತಿಳಿದರೋ, "ಅಮ್ಮಾ, ಇಲ್ಲಿಗೆ ಸ್ವಲ್ಪ ಸಾಂಬಾರ್" ಎಂದರು. ಬೇರೆ ಯಾರಾದರೂ ಆಗಿದ್ದರೆ ಕೆರಳುತ್ತಿದ್ದರು. ಅಕ್ಕ "ತರ್ತೀನಿ ತಡೀರಿ" ಎಂದು ಎದ್ದೇಬಿಟ್ಟಳು. ಕೈ ತೊಳೆದು, ಎಡಗೈಯಲ್ಲಿ ಬಕೀಟು ಹಿಡಿದು ಆ ಸಾಲಿಗೆಲ್ಲ ಬಡಿಸಿ, "ಇನ್ನಷ್ಟು ಹಾಕ್ಸಿಗೋರಿ, ನಾಚಬ್ಯಾಡ್ರಿ" ಎಂದು ಉಪಚಾರವನ್ನೂ ಮಾಡಿದಳು. ಮ್ಯಾನೇಜರು ಗಾಬರಿಯಿಂದ ನನ್ನ ಹತ್ತಿರ ಬಂದು, "ಅವರು ಯಾರು?" ಎಂದರು.

"ಗಿರಾಕಿ," ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆ ಸಂಜೆ ದಂಡೆಯಲ್ಲಿ ಕುಳಿತಾಗ ನಾನು ಸಿಟ್ಟಿನಿಂದಲೇ ಕೇಳಿದೆ, "ಒಂದು ದಿನ, ಒಂದೇ ದಿನ ನೀ ಮೊದಲ ಉಂಡ್ರ ಏನಾಗ್ತದ?"

ಅಕ್ಕ ಸೆರಗಿನ ಮರಳು ಕೊಡವಿದಳು. "ಗಂಟಲದಾಗ ಇಳ್ಯಾಂಗಿಲ್ಲ ತಂಗಿ. ಯಾರೋ ಹಿಂದ ನಿಂತಾಂಗ ಆಗ್ತದ."

ಮೂರನೆಯ ದಿನ ನಾನು ಹುಡುಕುವುದನ್ನೇ ಬಿಟ್ಟೆ. ಗುಡಿಯ ಹಿಂದಿನ ಓಣಿಯಲ್ಲಿ ಸುಮ್ಮನೆ ನಡೆಯುವಾಗ ಒಂದು ಮನೆಯ ಜಗುಲಿಯ ಮೇಲೆ ನಾಲ್ಕು ಬೆಂಚು ಕಂಡವು. ಅಕ್ಕ ಇಣುಕಿದಳು, ಉಹುಂ ಎನ್ನಲಿಲ್ಲ. ಸಾವಿತ್ರಮ್ಮ ಎಂಬ ಹೆಂಗಸು ಒಬ್ಬಳೇ ನಡೆಸುವ ಊಟದ ಮನೆ ಅದು. ಬಾಳೆಲೆ ಹಾಸಿದಳು. ನನಗೆ ಕುಚಲಕ್ಕಿ ಅನ್ನ, ಬಸಳೆ ಸೊಪ್ಪಿನ ಹುಳಿ, ಮಾವಿನಮಿಡಿಯ ಅಪ್ಪೆಹುಳಿ ಬಂದವು. ಎಲ್ಲದಕ್ಕೂ ತೆಂಗು, ಖಾರ ಮಾತ್ರ ನಮ್ಮ ಲೆಕ್ಕದಲ್ಲಿ ಚಿಕ್ಕ ಮಕ್ಕಳ ಖಾರ. ಆದರೂ ಅಪ್ಪೆಹುಳಿಯನ್ನು ನಾನು ಎರಡು ಸಲ ಕೈಯೊಡ್ಡಿ ಹಾಕಿಸಿಕೊಂಡೆ. ಅಕ್ಕ ತನ್ನ ಎಲೆಗೆ ಏನೂ ಹಾಕಿಸಿಕೊಳ್ಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಇಬ್ಬರು ಯಾತ್ರಿಕರು ಬಂದು ಉಂಡು ಹೋದರು. ಗಂಟೆ ಎರಡೂವರೆ ದಾಟಿತು. ಸಾವಿತ್ರಮ್ಮ ಬಾಗಿಲಿಗೆ ಬಂದು ಓಣಿಯ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದಳು.

ಅಕ್ಕ ನೆಟ್ಟಗೆ ಕುಳಿತಳು.

"ನಿಮ್ಮ ಎಲೆ ಖಾಲಿ ಇದೆಯಲ್ಲ," ಎಂದಳು ಸಾವಿತ್ರಮ್ಮ. "ಅಡಿಗೆ ಸೇರಲಿಲ್ವಾ?"

"ಸೇರದ ಏನ್ರಿ, ಇನ್ನಾ ತಿಂದೇ ಇಲ್ಲ. ನಿಮ್ಮದು ಆಗ್ಯಾದೇನು?"

"ನನ್ನದಾ? ಎಲ್ಲರದ್ದೂ ಆದ ಮೇಲೆ."

"ನಂದೂ ಹಂಗೇ ರೀ."

ಅವರಿಬ್ಬರೂ ಒಬ್ಬರನ್ನೊಬ್ಬರು ಒಂದು ಕ್ಷಣ ನೋಡಿದರು. ಬೇರೆ ಪರಿಚಯ ಬೇಕಾಗಲಿಲ್ಲ. ಸಾವಿತ್ರಮ್ಮ "ಒಳಗೆ ಬನ್ನಿ" ಎಂದಳು, ಅಕ್ಕ ತನ್ನ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡು ಅಡಿಗೆಮನೆಗೆ ಹೋದಳು. ನನಗೆ ಯಾರೂ ಏನೂ ಹೇಳಲಿಲ್ಲ. ನಾನು ಹೊಸ್ತಿಲ ಹತ್ತಿರ ಬಾಗಿಲಿನ ಚೌಕಟ್ಟು ಹಿಡಿದು ನಿಂತೆ.

ಒಳಗೆ ಅನ್ನದ ಪಾತ್ರೆಯಲ್ಲಿ ಇಬ್ಬರಿಗಾಗುವಷ್ಟು ಉಳಿದಿತ್ತು. ಸಾವಿತ್ರಮ್ಮ ಅದನ್ನು ಮುಚ್ಚಿ ಬದಿಗಿಟ್ಟಳು. ಆರಿಸಿದ್ದ ಒಲೆಯನ್ನು ಮತ್ತೆ ಹೊತ್ತಿಸಿ ಕಾವಲಿ ಇಟ್ಟಳು. ಹಿಟ್ಟು ಹೊಯ್ದಾಗ ಚುಂಯ್ ಎಂದಿತು. ತೆಳ್ಳೇವು, ಅಲ್ಲಿಯ ತೆಳು ದೋಸೆ.

"ಯಾರರ ಬರೋರು ಅದಾರೇನ್ರಿ?" ಎಂದಳು ಅಕ್ಕ.

"ಯಾರೂ ಇಲ್ಲ. ಇದು ನಮಗೆ."

"ಅನ್ನ ಅದ ಅಲ್ರಿ. ಹುಳಿನೂ ಅದ."

"ಅದು ಊರವರ ಅಡಿಗೆ. ರಾತ್ರಿಗೆ ದನಕ್ಕೆ ಹಾಕಿದರೂ ಆಯ್ತು. ಊರಿಗೆಲ್ಲ ಬಿಸಿ ಬಡಿಸಿ, ನಾನು ಮಾತ್ರ ಆರಿದ್ದು ತಿನ್ನಬೇಕು ಅಂತ ಯಾರು ಹೇಳಿದ್ದು? ಕಡೆಗೆ ಉಣ್ಣುವವರಿಗೆ ಯಾರ ಅವಸರವೂ ಇಲ್ಲ. ಕೂತ್ಕೊಳ್ಳಿ."

ಅಕ್ಕ ಕೈಯಲ್ಲಿದ್ದ ಎಲೆಯನ್ನು ನೆಲಕ್ಕೆ ಹಾಸಿದಳು. ಮಣೆಯ ಮೇಲೆ ಕುಳಿತಳು. ಬಿಸಿ ತೆಳ್ಳೇವು ಎಲೆಗೆ ಬಿತ್ತು. ಅವಳು ಹಿಂದೆ ತಿರುಗಿ ನೋಡಿದಳು, ಹಿಂದೆ ಗೋಡೆ ಇತ್ತು. ಒಂದು ತುಂಡು ಮುರಿದಳು, ಬೆರಳು ಸುಟ್ಟಿತು, ಊದಿಕೊಂಡಳು. ಮೂವತ್ತು ವರ್ಷ ಬರಿಗೈಯಲ್ಲಿ ಸುಡುಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು ಅದು.

"ಹಂಚು ನನ್ನ ಮುಂದೇ ಇತ್ತಲ್ರಿ," ಎಂದಳು ಆಮೇಲೆ. "ನನಗ ಹೊಳೀಲೇ ಇಲ್ಲ ನೋಡ್ರಿ."

ಸಾವಿತ್ರಮ್ಮ ನಕ್ಕಳು. ಅಕ್ಕನೂ ನಕ್ಕಳು. ಮತ್ತೆ ಆ ನಗು ನಿಲ್ಲಲೇ ಇಲ್ಲ. ಗಿರಾಕಿಗಳ ಕತೆ, ಉಪ್ಪು ಹೆಚ್ಚಾದ ದಿನದ ಕತೆ, ಉಂಡು ತೇಗಿ ಅಡಿಗೆ ಹಳಿದವರ ಕತೆ. ಒಬ್ಬಳು ಎರಡು ಹೊಯ್ದರೆ ಇನ್ನೊಬ್ಬಳು ಎದ್ದು ಎರಡು ಹೊಯ್ಯುವುದು. ಅಕ್ಕ ಏಳು ತಿಂದಳು, ನಾನು ಎಣಿಸಿದೆ. ನನಗೆ ಬೇಕಾಗಿದ್ದುದು ಇದೇ ತಾನೆ? ಕುಂತು, ಬೇರೆಯವರು ಮಾಡಿದ ಬಿಸಿ ಊಟ. ಮೊದಲು ಎಂಬ ಒಂದು ಶರತ್ತು ಮಾತ್ರ ತಪ್ಪಿತ್ತು. ಕಣ್ಣು ತುಂಬಿತು, ಜೊತೆಗೆ ನಾಚಿಕೆಯಿಲ್ಲದ ಬಾಯಲ್ಲಿ ನೀರೂ ಬಂದಿತು.

"ಅಕ್ಕಾ, ನನಗೊಂದು."

"ನಿಂದು ಆಗ್ಯಾದಲ್ಲ? ಹೊರಗ ಕುಂದ್ರು."

ಕುಂತೆ. ಮರುದಿನ ಅಕ್ಕ ನನ್ನನ್ನು ಕೇಳದೆಯೇ ಮೂರು ಗಂಟೆಗೆ ಒಬ್ಬಳೇ ಆ ಮನೆಗೆ ಹೋದಳು. ನಾನು ದೊಡ್ಡ ಹೋಟೆಲಿನಲ್ಲಿ ಹನ್ನೆರಡಕ್ಕೇ ಉಂಡು ದಂಡೆಯ ಮೇಲೆ ಅಡ್ಡಾಡಿದೆ. ಸಮುದ್ರ ದೊಡ್ಡದಿದೆ ಎಂದು ಬರೆದದ್ದು ಆವತ್ತೇ.

ಊರಿಗೆ ಬಂದು ಈಗ ಐದು ತಿಂಗಳು. ಸುರಪುರದಲ್ಲಿ ಖಾನಾವಳಿ ಮುಚ್ಚಿಯೇ ಇದೆ. ಆದರೆ ಮೂರು ಗಂಟೆಗೆ ಅಕ್ಕನ ಒಲೆ ಹೊತ್ತುತ್ತದೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಎದುರು ಮನೆಯಲ್ಲಿ ಹತ್ತು ಜನರಿಗೆ ಅಟ್ಟು ಹಾಕುವ ಸೊಸೆ, ಚಹಾದ ಅಂಗಡಿಯ ಫಾತಿಮಾಬಿ, ಊರಿಗೆಲ್ಲ ಬಡಿಸಿ ಮುಗಿಸಿದವರು ಒಬ್ಬೊಬ್ಬರಾಗಿ ಬರುತ್ತಾರೆ. ಆ ಹೊತ್ತಿಗೆ ನಾನು ಫೋನು ಮಾಡಿದರೆ, "ಈಗ ಬ್ಯಾಡ ತಂಗಿ, ಉಣ್ಣಾಕತ್ತೀವಿ" ಎನ್ನುತ್ತಾಳೆ. ಹಿಂದೆ ನಗು ಕೇಳುತ್ತದೆ. ಒಳ್ಳೆಯ ಊಟದ ಜಾಗ ಎಲ್ಲಿದೆ ಎಂದು ನನಗೆ ಗೊತ್ತು. ಶಹಾಪುರದಿಂದ ಒಂದು ತಾಸಿನ ದಾರಿ.

ಹೋದ ಭಾನುವಾರ ತಡೆಯಲಾಗಲಿಲ್ಲ. ಬೆಳಿಗ್ಗೆಯಿಂದ ಏನೂ ತಿನ್ನದೆ, ಲೆಕ್ಕ ಹಾಕಿ ಬಸ್ಸು ಹತ್ತಿ, ಸರಿಯಾಗಿ ಮೂರಕ್ಕೆ ಬಾಗಿಲಲ್ಲಿ ನಿಂತೆ. ಒಳಗೆ ನಾಲ್ಕು ತಾಟು ಇಟ್ಟಿದ್ದರು, ಹಂಚು ಕಾದಿತ್ತು. ಅಕ್ಕ ನನ್ನ ಮುಖ ನೋಡಿದಳು.

"ಹಸ್ತು ಬಂದಿ ಏನು? ಬಾ, ಬಾ. ಏ, ಎಲ್ಲಾರು ಸರೀರಿ. ನನ್ನ ತಂಗಿ ಬಂದಾಳ. ನೀ ಮೊದಲ ಉಣ್ಣು."

ಬೇಡ ಎಂದೆ, ಆಮೇಲೆ ಎಂದೆ, ನಿಮ್ಮ ಜೊತೆಗೇ ಎಂದೆ. ಯಾರು ಕೇಳುತ್ತಾರೆ? ಉಬ್ಬಿದ ರೊಟ್ಟಿ ತಾಟಿಗೆ ಬಿತ್ತು. ನಾಲ್ವರೂ ಗೋಡೆಗೆ ಒರಗಿ ಕೈಕಟ್ಟಿ ನಾನು ಉಣ್ಣುವುದನ್ನು ಪ್ರೀತಿಯಿಂದ ನೋಡುತ್ತ ನಿಂತರು. ಆ ಸಾಲಿಗೆ ಹಸಿವೊಂದೇ ಸಾಲದು, ಯಾರಿಗಾದರೂ ಬಡಿಸಿ ಬಂದಿರಬೇಕು ಎಂಬುದು ನನಗೆ ಎರಡನೆಯ ರೊಟ್ಟಿಗೆ ಹೊಳೆಯಿತು. ಅವರ ಊಟಕ್ಕೆ ತಡವಾಗಬಾರದೆಂದು ಬೇಗಬೇಗ ಉಂಡೆ. ತಾಟು ತೊಳೆದಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಂತೆ. ಒಳಗೆ ನಗು ಶುರುವಾಯಿತು.