ಫೋಟೋಕ್ಕೆ ಕಟ್ಟಿದ ಸಂಕ

ಸ್ಥಿತಿಸ್ಥಾಪಕತ್ವ ಎಂಬ ಪದ ನನ್ನ ಬದುಕಿನಲ್ಲಿ ಎರಡು ಸಲ ಬಂದಿದೆ. ಮೊದಲ ಸಲ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ, ಎಳೆದು ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ರಬ್ಬರಿನ ಗುಣವಾಗಿ. ಎರಡನೆಯ ಸಲ ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಸಿದ್ದಾಪುರದಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಗ. ದೊಡ್ಡ ಊರಿನಿಂದ ಬಂದ ಸಂಸ್ಥೆಯೊಂದು ನಮ್ಮ ಕೈಗೆ ಕ್ಯಾಮೆರಾ ಕೊಟ್ಟು, 'ಯುವಜನರ ಕಣ್ಣಲ್ಲಿ ಸಮುದಾಯದ ಸ್ಥಿತಿಸ್ಥಾಪಕತ್ವ' ಎಂಬ ವಿಷಯಕ್ಕೆ ಫೋಟೋ ತೆಗೆದುಕೊಂಡು ಬನ್ನಿ ಎಂದಿತು. ಆ ಪದವನ್ನು ಹುಡುಕಿದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನಾವು ಪರೀಕ್ಷೆಗೆ ಉತ್ತರ ಬರೆದ ಹಾಗೆಯೇ ಫೋಟೋ ತೆಗೆದೆವು. ಯಲ್ಲಾಪುರದ ಹುಡುಗನೊಬ್ಬ ಹೆದ್ದಾರಿ ಬದಿಯ ಲಾರಿಗಳ ಅಡಿಗೆ ನುಸುಳಿ ಬರೀ ಸ್ಪ್ರಿಂಗುಗಳನ್ನೇ ತೆಗೆದ. ಬಿಳಗಿಯವಳೊಬ್ಬಳು ತಂತಿಯ ಮೇಲೆ ಒಣಗುತ್ತಿದ್ದ ಅಜ್ಜನ ಚಡ್ಡಿಯ ಇಲಾಸ್ಟಿಕ್ಕನ್ನು ಇಬ್ಬರು ತಮ್ಮಂದಿರಿಂದ ಆಚೀಚೆ ಎಳೆಸಿ ತೆಗೆದಳು. ಸಂಸ್ಥೆಯ ಮೇಡಂ ಚಡ್ಡಿಯ ಚಿತ್ರವನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ, ಪೆಟ್ಟು ಬಿದ್ದರೂ ಊರು ಮತ್ತೆ ಎದ್ದು ನಿಲ್ಲುತ್ತದಲ್ಲ, ಅದು ಬೇಕಾಗಿತ್ತು ಎಂದು ಬಿಡಿಸಿ ಹೇಳಿದರು. ಇನ್ನೊಂದು ಸುತ್ತಿಗೆ ಮೂವರಿಗೊಂದು ರೀಲು ಬಂತು, ತಲಾ ಹನ್ನೆರಡು ಚಿತ್ರ. ನನ್ನ ಪಾಲಿಗೆ ಕೊನೆಯ ಹನ್ನೆರಡು.

ನನಗೆ ತಟ್ಟನೆ ಹೊಳೆದದ್ದು ನಮ್ಮೂರ ಸಂಕ, ಅಂದರೆ ಹಳ್ಳ ದಾಟಲು ಮರ ಹಾಸಿ ಮಾಡಿದ ಕಾಲುಸೇತುವೆ. ಪ್ರತಿ ಮಳೆಗಾಲ ಅದು ಮುರಿಯುತ್ತದೆ, ದೀಪಾವಳಿ ಕಳೆದ ಮೇಲೆ ಊರವರು ಮತ್ತೆ ಹಾಕುತ್ತಾರೆ. ಆ ವರ್ಷವೂ ಶ್ರಾವಣದಲ್ಲೇ ಮುರಿದಿತ್ತು. ಹೈಸ್ಕೂಲು ಹಳ್ಳದ ಆಚೆ. ಎಸ್ಸೆಸ್ಸೆಲ್ಸಿಯಲ್ಲಿದ್ದ ನನ್ನ ತಂಗಿ ನೀರು ಏರಿದ ದಿನಗಳಲ್ಲಿ ಮನೆಯಲ್ಲೇ ಉಳಿಯುತ್ತಿದ್ದಳು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮಾಸ್ತರು ಆಗಲೇ ಹೆದರಿಸಿದ್ದರು. ನಮ್ಮ ಫೋಟೋ ಪ್ರದರ್ಶನದ ಉದ್ಘಾಟನೆಗೆ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಮುರಿದ ಸಂಕ ಅವರ ಕಣ್ಣಿಗೆ ಬಿದ್ದರೆ ಸಿಮೆಂಟಿನ ಸೇತುವೆ ಬಂದೇ ಬರುತ್ತದೆ ಎಂದು ನಾನು ನಂಬಿದ್ದೆ. ಆಗ ನನಗೆ ಹದಿನೇಳು.

ನಾನು ಮಾಡಿದ ತಪ್ಪೆಂದರೆ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟದ್ದು. ಮರುದಿನ ಬೆಳಿಗ್ಗೆ ದೊಡ್ಡಪ್ಪ ಕತ್ತಿ ಹಿಡಿದು ಹೊರಟರು. ಎರಡು ತಿಂಗಳಿಂದ ಪುರುಸೊತ್ತಿಲ್ಲದ ಊರಿಗೆ ಒಮ್ಮೆಲೇ ಪುರುಸೊತ್ತಾಯಿತು. ನನಗೆ ಮುರಿದ ಸಂಕವೇ ಬೇಕು ಎಂದದ್ದಕ್ಕೆ ದೊಡ್ಡಪ್ಪ ಸಿಟ್ಟಾದರು.

"ನಾಕ್ ಜನ ನೋಡ ಫೋಟೋ. ಮುರುಕು ಸಂಕ ತೋರ್ಸಿರೆ ಊರ ಮರ್ಯಾದೆ ಎಂತ ಆಗ್ತು?"

ತಂಗಿ ನನ್ನನ್ನು ಬದಿಗೆ ಕರೆದು, ಅವರನ್ನು ತಡೆಯಲು ಹೇಳಿದಳು. "ಸರಿ ಮಾಡಡಿ ಹೇಳಿ ಹೇಳು ಅಕ್ಕಾ. ಮುರದ್ದೇ ಇರ್ಲಿ."

ದೊಡ್ಡಪ್ಪನ ಎದುರು ಆಡಲಾರದ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿ, ಹೋಗಿ ಓದಿಕೋ ಎಂದು ಗದರಿದೆ.

ಎರಡೇ ದಿನದಲ್ಲಿ ಸಂಕ ಎದ್ದಿತು. ಗಟ್ಟಿ ಮರ ತರುವಷ್ಟು ಸಮಯವಿಲ್ಲವೆಂದು ಬಿದಿರು ಕಟ್ಟಿದ್ದರು. ಅಲಂಕಾರಕ್ಕೆ ಮಾತ್ರ ಸಮಯವಿತ್ತು: ಮಾವಿನೆಲೆಯ ತೋರಣ, ಎರಡೂ ತುದಿಗೆ ಬಾಳೆಗಿಡ. ಹೆಂಗಸರು ಮದುವೆಯ ಸೀರೆ ಉಟ್ಟು ಬಂದರು. ದೊಡ್ಡಪ್ಪ ಶಾಲು ಹೊದ್ದು ನಡುವೆ ನಿಂತು, ಫೋಟೋದಲ್ಲಿ ಯಾರ ಹಲ್ಲೂ ಕಾಣಕೂಡದೆಂದು ತಾಕೀತು ಮಾಡಿದರು. ಯಾರೋ ಎಮ್ಮೆಯನ್ನೂ ಸಂಕಕ್ಕೆ ಹತ್ತಿಸಲು ನೋಡಿದರು. ಅದಕ್ಕೆ ಬುದ್ಧಿಯಿತ್ತು, ಬರಲಿಲ್ಲ. ಒಬ್ಬರು ಕಣ್ಣು ಮುಚ್ಚಿದರು, ಇನ್ನೊಬ್ಬರ ಸೆರಗು ಜಾರಿತು ಎಂದು ಹನ್ನೊಂದು ಚಿತ್ರ ಹಾಳಾದವು. ಕೊನೆಯದಕ್ಕೆ ಎಲ್ಲರೂ ಉಸಿರು ಬಿಗಿಹಿಡಿದು ನೆಟ್ಟಗೆ ನಿಂತರು. ನಾನು ಗುಂಡಿ ಒತ್ತಿದೆ, ದೊಡ್ಡಪ್ಪ ಉಸಿರು ಬಿಟ್ಟರು, ಸಂಕ ಮುರಿಯಿತು.

ಅಷ್ಟೂ ಜನ ಸೊಂಟದುದ್ದ ನೀರಿನಲ್ಲಿದ್ದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಾನು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ. ರೀಲು ಮುಗಿದ ಕ್ಯಾಮೆರಾ ಗುಂಯ್ ಎನ್ನುತ್ತ ಅದನ್ನು ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು. ನನಗೆ ಬೇಕಾಗಿದ್ದ ಚಿತ್ರ ರೇಷ್ಮೆ ಸೆರಗು ಹಿಂಡಿಕೊಳ್ಳುತ್ತ ನನ್ನ ಕಣ್ಣೆದುರೇ ದಡ ಹತ್ತಿತು. ಸಂಕವನ್ನು ಮತ್ತೆ ಕಟ್ಟುವ ಮಾತನ್ನು ದೀಪಾವಳಿ ಕಳೆಯುವವರೆಗೂ ಯಾರೂ ಎತ್ತಲಿಲ್ಲ. ಫೋಟೋ ಆಗಿತ್ತಲ್ಲ.

ಪ್ರದರ್ಶನದ ದಿನ ಸಾಹೇಬರು ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಯಾರ ಹಂಗೂ ಇಲ್ಲದೆ ತಮ್ಮ ಸಂಕ ತಾವೇ ಕಟ್ಟಿಕೊಳ್ಳುವ ಇಂಥ ಊರಿಗೆ ಸರಕಾರ ಮಾಡುವುದಾದರೂ ಏನಿದೆ ಎಂದು ಭಾಷಣದಲ್ಲಿ ಕೇಳಿದರು. ಏನೂ ಇಲ್ಲ ಎಂಬಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತ ನಾನೂ ತಟ್ಟಿದೆ. ಅವರು ಹೊರಟುಹೋದ ಮೇಲೆ ನನಗೆ ಮೊದಲ ಬಹುಮಾನವೂ ಬಂತು. ಸಂಸ್ಥೆಯವರು ಚಿತ್ರಕ್ಕೆ ಕಟ್ಟು ಹಾಕಿಸಿ ಸಾಹೇಬರ ಕಚೇರಿಗೆ ಕಳಿಸಿದರು.

ಫೆಬ್ರುವರಿಯಲ್ಲಿ ತಂಗಿಯ ಹಾಜರಿ ಕಡಿಮೆ ಬಿತ್ತು. ರಿಯಾಯಿತಿ ಕೇಳುವ ಅರ್ಜಿಗೆ ಸಹಿ ಹಾಕಬೇಕಾದವರು ಅದೇ ಸಾಹೇಬರು. ಅವಳ ಜೊತೆ ನಾನು ಹೋದೆ. ಅರ್ಜಿಯಲ್ಲಿ ಅವಳು ಸಂಕ ಮುರಿದದ್ದೇ ಕಾರಣವೆಂದು ಬರೆದಿದ್ದಳು. ಸಾಹೇಬರು ಊರ ಹೆಸರು ಓದಿದರು, ಹಿಂದಿನ ಗೋಡೆಯತ್ತ ಕೈ ತೋರಿಸಿ, ಇಷ್ಟು ಚಂದದ ಸಂಕ ಇಟ್ಟುಕೊಂಡು ಸುಳ್ಳು ಬರೆಯಬಾರದು ಎಂದರು. ತೋರಣದ ನಡುವಿನಿಂದ ದೊಡ್ಡಪ್ಪ ನಮ್ಮನ್ನೇ ನೋಡುತ್ತಿದ್ದರು.

"ಅದು ಫೋಟೋಕ್ಕೆ ಕಟ್ಟಿದ್ದು ಸರ್," ಎಂದಳು ತಂಗಿ. "ದಾಟಲಿಕ್ಕಲ್ಲ."

ಸಾಹೇಬರ ಮುಖ ಬಿಗಿಯಿತು. ಹಾಗಾದರೆ ಫೋಟೋ ತೆಗೆದವರು ಎಲ್ಲರಿಗೂ ಮೋಸ ಮಾಡಿದ್ದಾರೆ, ಯಾರವರು ಎಂದು ಕೇಳಿದರು. ನಾನು ಚೀಲದ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ. ತಂಗಿ ಒಮ್ಮೆ ನನ್ನ ಕಡೆ ನೋಡಿದಳು.

"ಗೊತ್ತಿಲ್ಲ ಸರ್," ಎಂದಳು.

ಸಹಿ ಬೀಳಲಿಲ್ಲ. ಅವಳು ಪರೀಕ್ಷೆ ಬರೆದದ್ದು ಮರುವರ್ಷ. ಅವತ್ತು ವಾಪಸು ಬರುವಾಗ ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಬಸ್ಸಿನಲ್ಲಿ ನನಗೆ ವಾಂತಿ ಬರುತ್ತದೆಂದು ಅವಳು ಕಿಟಕಿಯ ಸೀಟನ್ನು ನನಗೇ ಬಿಟ್ಟುಕೊಟ್ಟಳು.