ಗಿರಿಜಕ್ಕನ ಇಪ್ಪತ್ತನಾಲ್ಕು ಆಟಗಾರರು

ಗಿರಿಜಕ್ಕನಿಗೆ ಚಹಾದ ವಾಸನೆಯೇ ಆಗುತ್ತಿರಲಿಲ್ಲ. ಉಡುಪಿ ಕಡೆಯವರು, ಬೆಳಗಾದರೆ ಕಾಫಿ ಬೇಕು. ಹಾಗಿದ್ದೂ ಐವತ್ತರ ದಶಕದ ಆ ಒಂದು ವರ್ಷ, ಘಾಟ್ಕೋಪರಿನ ಅವರ ಮೆಸ್ಸಿನಲ್ಲಿ ಉಣ್ಣುತ್ತಿದ್ದ ನಮ್ಮ ಹದಿಮೂರು ಜನಕ್ಕೆ ದಿನಕ್ಕೆರಡು ಸಲ ಚಹಾ ಕುಡಿಸಿದರು. ಒಂದು ಚಹಾ ಕಂಪನಿಯವರು ಪ್ರತಿ ಪೊಟ್ಟಣದೊಳಗೆ ಒಬ್ಬ ಕ್ರಿಕೆಟ್ ಆಟಗಾರನ ಕಾರ್ಡ್ ಇಡತೊಡಗಿದ್ದೇ ಇದಕ್ಕೆ ಕಾರಣ. ಕಾಫಿ ಬೇಕೆಂದು ಗೊಣಗಿದವರಿಗೆ ಅವರ ಉತ್ತರ ಒಂದೇ: “ಕಾಫಿ ಪುಡಿಯಲ್ಲಿ ಯಾರೂ ಬರುವುದಿಲ್ಲ ಮಾರಾಯ್ರೇ. ಕುಡಿಯಿರಿ.”

ಗಂಡ ತೀರಿಕೊಂಡ ಮೇಲೆ ಚಾಳಿನ ಎರಡು ಕೋಣೆಗಳಲ್ಲಿ ಮೆಸ್ ನಡೆಸುತ್ತಿದ್ದ ಹೆಂಗಸು. ನಲವತ್ತು ದಾಟಿತ್ತು. ಮಾತು ಕಡಿಮೆ, ಸಾರಿಗೆ ಖಾರ ಜಾಸ್ತಿ. ಮುಂಬಯಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾರ್ಕೆಟ್ಟು, ದೇವಸ್ಥಾನ ಬಿಟ್ಟು ಬೇರೇನನ್ನೂ ನೋಡಿದವರಲ್ಲ. ಪಕ್ಕದ ಖೋಲಿಯ ರೇಡಿಯೋದಲ್ಲಿ ಟೆಸ್ಟ್ ಮ್ಯಾಚಿನ ವಿವರಣೆ ಬರುವಾಗ ಮಾತ್ರ ಗೋಡೆಗೆ ಒರಗಿ ತರಕಾರಿ ಹೆಚ್ಚುತ್ತಿದ್ದರು. ಇಂಗ್ಲಿಷ್ ಬಾರದು. ನಡುನಡುವೆ ನಾನು ಹೇಳಬೇಕು.

ಕಾರ್ಡಿನ ಮೇಲಿನ ಹೆಸರುಗಳೂ ಇಂಗ್ಲಿಷಿನಲ್ಲೇ ಇದ್ದುದರಿಂದ ಆಟಗಾರರಿಗೆ ಅವರೇ ಹೆಸರಿಟ್ಟಿದ್ದರು. ಟೊಪ್ಪಿ ಓರೆ ಇಟ್ಟವ, ನಿದ್ದೆಗಣ್ಣಿನವ, ಅತ್ತೆ ಮನೆಗೆ ಹೊರಟವ. ಭಾನುವಾರ ಊಟವಾದ ಮೇಲೆ ಎಲೆ ಎತ್ತಿ, ನೆಲ ಒರೆಸಿ, ಅದಲು ಬದಲು ಶುರು. ನಮ್ಮಲ್ಲಿ ಐದಾರು ಜನಕ್ಕೆ ಆ ಹುಚ್ಚು ಹತ್ತಿತ್ತು. ಅಲ್ಲಿಯೂ ಗಿರಿಜಕ್ಕನ ಕಾನೂನು ಒಂದಿತ್ತು: ಕಾರ್ಡ್ ಕೈಬಿಡುವ ಮೊದಲು ಆ ಆಟಗಾರನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. “ನಮ್ಮ ಮನೆಯಿಂದ ಹೋಗುವವನಲ್ಲವಾ, ಸುಮ್ಮನೆ ದೂಡಬಾರದು” ಎನ್ನುತ್ತಿದ್ದರು. ಬ್ಯಾಂಕಿನ ಗುಮಾಸ್ತರು, ಮಿಲ್ಲಿನ ಮೇಸ್ತ್ರಿಗಳು ಗಂಭೀರವಾಗಿ ಕುಳಿತು “ಇವ ಕ್ಯಾಚ್ ಬಿಟ್ಟರೂ ಮೋರೆ ಸಣ್ಣ ಮಾಡುವವನಲ್ಲ” ಎಂದೆಲ್ಲ ಹೇಳುವುದನ್ನು ನಾನು ಕಂಡಿದ್ದೇನೆ.

ಒಂದು ದಿನ ಪೊಟ್ಟಣದಿಂದ ಒಂದು ಚೀಟಿ ಬಿತ್ತು. ಓದು ಎಂದು ನನ್ನ ಕೈಗೆ ಕೊಟ್ಟರು. ಅತ್ತ ಇಡ್ಲಿ ಆರುತ್ತಿತ್ತು. ಮೊದಲೆರಡು ಸಾಲು ಓದಿ, “ಇಪ್ಪತ್ತನಾಲ್ಕೂ ಕಾರ್ಡ್ ಕೂಡಿಸಿದ್ರ ಟೆಸ್ಟ್ ಮ್ಯಾಚಿಗೆ ಎರಡು ಸೀಟು ಬಹುಮಾನಂತ ಅಕ್ಕಾರ” ಎಂದು ಚೀಟಿ ಮಡಚಿ ಕೊಟ್ಟೆ.

ಗಿರಿಜಕ್ಕ ಸೌಟು ಕೆಳಗಿಟ್ಟರು. ಕಾರ್ಡಿನ ಈ ಆಟಗಾರರೆಲ್ಲ ಓಡುವುದನ್ನು ಒಂದು ಸಲ ನೋಡಬೇಕೆಂಬ ಆಸೆ ಅವರಿಗಿತ್ತು ಎಂದು ನನಗೆ ತಿಳಿದದ್ದು ಆವತ್ತೇ. ಟಿಕೆಟ್ ತೆಗೆದುಕೊಂಡೇ ಹೋಗಬಹುದಲ್ಲ ಎಂದರೆ ಒಪ್ಪಲಿಲ್ಲ. “ಗಂಡ ಸತ್ತವಳು ಆಟ ನೋಡಲಿಕ್ಕೆ ಹೊರಟಳು ಅಂತ ಚಾಳಿನವರು ಆಡಿಕೊಳ್ತಾರೆ. ಬಹುಮಾನ ಬಂದರೆ ಬೇರೆ. ಅದು ಕರೆದ ಹಾಗೆ.”

ಅಂದಿನಿಂದ ಕಾರ್ಡುಗಳನ್ನು ಒಂದು ಹಳೆಯ ಪುಸ್ತಕದಲ್ಲಿ ಸಾಲಾಗಿ ಅಂಟಿಸತೊಡಗಿದರು. ಅಂಗಡಿಯ ಗೋಂದು ಅವರಿಗೆ ಸರಿಬರಲಿಲ್ಲ. ರುಬ್ಬಿದ ಉದ್ದಿನ ಹಿಟ್ಟನ್ನೇ ತೆಳ್ಳಗೆ ಬಳಿದರು. ಉದ್ದು ಹಿಡಿದರೆ ಬಿಡುವ ಜಾತಿಯಲ್ಲ ಎಂಬುದು ರುಬ್ಬುವ ಕಲ್ಲು ತೊಳೆದವರಿಗೆಲ್ಲ ಗೊತ್ತು.

ಇಪ್ಪತ್ತಮೂರು ಆದವು. ಉಳಿದವನು ವಿಕೆಟ್‌ಕೀಪರ್. ಅವನು ನಮ್ಮ ಆಫೀಸಿನ ಚಹಾದ ಪೊಟ್ಟಣದಲ್ಲಿ ನನಗೆ ಸಿಕ್ಕ. ಸುಮ್ಮನೆ ಕೊಡಬಹುದಿತ್ತು. ಆದರೆ ಧಾರವಾಡದವನಾದ ನನಗೆ ವರ್ಷವಿಡೀ ಕುಚ್ಚಲಕ್ಕಿ ತಿಂದು ಜೀವ ಬೇಸತ್ತಿತ್ತು. “ಜ್ವಾಳದ ರೊಟ್ಟಿ ಮಾಡಿಕೊಡ್ರಿ, ಕೀಪರ್ ನಿಮ್ಮವ” ಎಂದೆ. ಜನ್ಮದಲ್ಲಿ ರೊಟ್ಟಿ ಬಡಿಯದವರು ಮೂರು ಭಾನುವಾರ ಹೆಣಗಾಡಿದರು. ಮೊದಲನೆಯದು ಭೂಪಟದಂತೆ ಹರಿಯಿತು. ಮೂರನೆಯ ವಾರದ್ದು ರೊಟ್ಟಿಯೇ. ನಾನು ಕೀಪರನ ಬಗ್ಗೆ ಒಳ್ಳೆಯ ಮಾತು ಹೇಳಿ ಕಾರ್ಡ್ ಕೊಟ್ಟೆ. ಅವರು ಆಗಲೇ ಹಿಟ್ಟು ಬಳಿದು ಕಾಯುತ್ತಿದ್ದರು.

ಮರುದಿನ ಕಂಪನಿಗೆ ಪತ್ರ ಬರೆಯಲು ಕುಳಿತು ಚೀಟಿಯನ್ನು ಪೂರ್ತಿ ಓದಿದೆ. ಕಾರ್ಡುಗಳನ್ನು ಎಲ್ಲಿಯೂ ಅಂಟಿಸದೆ, ಹಿಂಬದಿಯ ಮುದ್ರೆ ಕಾಣುವಂತೆ ಬಿಡಿಬಿಡಿಯಾಗಿ ಕಳಿಸತಕ್ಕದ್ದು ಎಂದು ಐದನೆಯ ಸಾಲಿನಲ್ಲಿತ್ತು. ನಿಜ ಹೇಳಲಿಲ್ಲ. “ಕಂಪನಿಯವರು ಈಗ ಹೊಸಾ ನಿಯಮ ಮಾಡ್ಯಾರ ನೋಡ್ರಿ ಅಕ್ಕಾರ” ಎಂದೆ.

ಗಿರಿಜಕ್ಕ ಇಡ್ಲಿ ಪಾತ್ರೆಗೆ ನೀರಿಟ್ಟರು. ಆವಿಗೆ ಪುಸ್ತಕ ಹಿಡಿದು, ಅಂಚಿನಲ್ಲಿದ್ದ ನಿದ್ದೆಗಣ್ಣಿನವನನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ಕಾರ್ಡ್ ಎರಡು ಪದರವಾಗಿ ಸೀಳಿತು. ಬೆನ್ನು ಪುಸ್ತಕದಲ್ಲೇ ಉಳಿಯಿತು, ಮುಖ ಅವರ ಬೆರಳಿಗೆ ಮುದ್ದೆಯಾಗಿ ಬಂತು. ಅವರು ಒಲೆ ಆರಿಸಿದರು.

“ಇವರ ಮುಖ ಕಿತ್ತು ಅಲ್ಲಿಗೆ ಹೋಗಿ ನಾನು ಯಾರನ್ನು ನೋಡುವುದು?” ಎಂದಷ್ಟೇ ಹೇಳಿ ಕೈ ತೊಳೆದುಕೊಂಡರು.

ಮರುದಿನದಿಂದ ಮೆಸ್ಸಿನಲ್ಲಿ ಕಾಫಿ. ಆ ಕಂಪನಿಯ ಹೆಸರೆತ್ತಿದರೆ ಗಿರಿಜಕ್ಕ ಹಿಡಿಶಾಪ ಹಾಕುತ್ತಿದ್ದರು. ಅವರ ಗೋದಾಮಿಗೆ ಗೆದ್ದಲು ಹಿಡಿಯಲಿ, ಅವರ ಹಡಗು ಮುಳುಗಲಿ. ನಾನು ತಲೆಯಾಡಿಸುತ್ತ ಊಟ ಮಾಡುತ್ತಿದ್ದೆ. ಇಂಥ ವಿಷಯದಲ್ಲಿ ನನ್ನ ನಾಲಗೆ ಬಹಳ ಸೋಮಾರಿ. ಆದರೆ ಊಟ ರುಚಿಸುತ್ತಿರಲಿಲ್ಲ ಎಂಬುದು ಸತ್ಯ.

ಮುಂದಿನ ವರ್ಷ ಮೆಸ್ ಮುಚ್ಚಿ ಕಾಂದಿವಲಿಯಲ್ಲಿದ್ದ ತಮ್ಮನ ಮನೆಗೆ ಹೊರಟರು. ಟ್ರಂಕು ಹೊತ್ತು, ಗಾಡಿ ಬದಲಿಸುವ ದಾದರಿನವರೆಗೆ ನಾನು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವಾಗ, ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿ, “ಆ ನಿಯಮ ಹೊಸಾದಲ್ಲರೀ ಅಕ್ಕಾರ. ಮೊದಲಿಂದನೂ ಆ ಚೀಟಿಯೊಳಗ ಇತ್ತು. ನಾನ ಪೂರಾ ಓದಲಿಲ್ಲ” ಎಂದೆ.

ಗಿರಿಜಕ್ಕ ಟ್ರಂಕಿನ ಮೇಲೆ ಕುಳಿತರು.

“ಒಂದು ವರ್ಷ ಆ ಕಂಪನಿಯವರಿಗೆ ಶಾಪ ಹಾಕಿದೆನಲ್ಲ ಮಾರಾಯ. ಅವರಿಗೂ ಹೆಂಡತಿ ಮಕ್ಕಳು ಇರ್ತಾರೆ. ಈಗ ಅದನ್ನು ವಾಪಸು ತೆಗೆಯುವುದು ಹೇಗೆ?”

“ಎಲ್ಲಾ ನನಗ ಹಾಕ್ರಿ.”

“ನಿನಗೆ ಹಾಕಲಿಕ್ಕೆ ಬರುವುದಿಲ್ಲ. ನನ್ನ ಕೈಯಲ್ಲಿ ಉಂಡವ ನೀನು.”

ಗಾಡಿ ಬಂತು. ಅವರನ್ನು ಹೆಂಗಸರ ಡಬ್ಬಿಗೆ ಹತ್ತಿಸಿ ಟ್ರಂಕು ಒಳಗೆ ತಳ್ಳಿದೆ. ಕಾಂದಿವಲಿಯ ವಿಳಾಸ ಕೇಳಲು ನನಗೆ ಧೈರ್ಯವಾಗಲಿಲ್ಲ, ಅವರೂ ಕೊಡಲಿಲ್ಲ.