ಸೊಸೆಯ ನಲ್ಲಿ, ನನ್ನ ಕಮೋಡು

ಕಡೂರಿನ ನಮ್ಮ ಮನೆಗೆ ಹೋದ ವರ್ಷ ಒಂದೇ ವಾರದಲ್ಲಿ ಇಬ್ಬರು ಹೊಸಬರು ಬಂದರು: ನನ್ನ ಮಂಡಿನೋವಿಗೆಂದು ಕಮೋಡು, ನನ್ನ ಮಗನಿಗೆಂದು ಹೆಂಡತಿ. ಅದಾಗಿ ತಿಂಗಳು ಕಳೆಯುವಷ್ಟರಲ್ಲಿ, ಮೂರು ದಿನ ಬರುತ್ತಿದ್ದ ನೀರಿನ ಟ್ಯಾಂಕು ಒಂದೂವರೆ ದಿನಕ್ಕೇ ಬರಿದಾಗತೊಡಗಿತು. ನನಗೆ ಯಾರ ಮೇಲೆ ಅನುಮಾನ ಬಂತೆಂದು ಬೇರೆ ಹೇಳಬೇಕೆ? ಅವಳು ತರೀಕೆರೆ ಕಡೆಯವಳು, ಭದ್ರಾ ಚಾನಲ್ಲಿನ ಪಕ್ಕ ಬೆಳೆದವಳು. ನಾನೋ, ಅಕ್ಕಿ ತೊಳೆದ ನೀರನ್ನೂ ಕರಿಬೇವಿನ ಗಿಡಕ್ಕೆ ಹಾಕಿ ಸಂಸಾರ ಮಾಡಿದವಳು.

ಅವಳು ಬಚ್ಚಲಿಗೆ ಹೋದರೆ ನಾನು ಬಾಗಿಲ ಹತ್ತಿರ ಬಟ್ಟೆ ಮಡಿಸುವ ನೆಪದಲ್ಲಿ ಕೂತು ನಲ್ಲಿಯ ಸದ್ದಿಗೆ ಕಿವಿ ಕೊಡುತ್ತಿದ್ದೆ. ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ, "ತಲೆಗೆ ಎಷ್ಟು ಬಕೆಟ್ ಹುಯ್ಕೋತೀಯೇ? ಇದೇನು ನಿಮ್ಮೂರು ಚಾನಲ್ ಅಂದ್ಕೊಂಡ್ಯಾ?" ಅವಳು ತಲೆ ಒರೆಸಿಕೊಳ್ಳುತ್ತಾ, "ಇಲ್ಲ ಅತ್ತೆ," ಅಂದಳು, ಅಷ್ಟೇ. ಮುಂದಿನ ಭಾನುವಾರದಿಂದ ಬೆಳಗಿನ ಬಸ್ಸಿಗೇ ತವರಿಗೆ ಹೊರಡತೊಡಗಿದಳು. ಉಳಿದ ದಿನವೆಲ್ಲ ಅಜ್ಜಂಪುರದ ಸ್ಕೂಲಿನಲ್ಲಿ ಪಾಠ, ಇದ್ದೊಂದು ರಜೆಗೆ ಅಮ್ಮನ ಮನೆ. ಚಾಡಿ ಹೇಳಲು ಹೋಗುತ್ತಾಳೆಂದು ನಾನು ತೀರ್ಮಾನಿಸಿದೆ.

ನೀರು ಉಳಿಸುವ ಸಾಮಾನು ಬಂದಿವೆಯಂತೆ ಎಂದು ಕೇಳಿ ಅಂಗಡಿಗೆ ಹೋದೆ. ಅಂಗಡಿಯವನು ನಲ್ಲಿಯ ಬಾಯಿಗೆ ತಿರುಗಿಸುವ ಒಂದು ಪುಟ್ಟ ಜಾಲರಿ ತೋರಿಸಿದ. "ಗಾಳಿ ಬೆರ್ಸಿ ಬಿಡುತ್ತೆ ಕಣಮ್ಮ, ಅರ್ಧಕ್ಕರ್ಧ ನೀರು ಉಳೀತು ಅಂತ್ಲೇ ತಿಳ್ಕಳಿ," ಅಂದ. ಗಾಳಿ ಮಾರಿ ಬದುಕುವವನು ಇವನೇ ಇರಬೇಕು ಅಂದುಕೊಂಡರೂ ಎರಡು ತಂದೆ. ಒಂದನ್ನು ಅಡುಗೆಮನೆಗೆ, ಇನ್ನೊಂದನ್ನು ಸೊಸೆಯ ಬಚ್ಚಲಿಗೆ ಹಾಕಿಸಿದೆ. ಪಾತ್ರೆ ತೊಳೆಯುವಲ್ಲಿ ಅದು ನಿಜಕ್ಕೂ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಬಚ್ಚಲಲ್ಲಿ ಮಾತ್ರ ದಂಡ. ಬಕೆಟ್ಟು ಬಕೆಟ್ಟೇ, ಬೇಗ ತುಂಬಿದರೂ ನಿಧಾನ ತುಂಬಿದರೂ ಅಷ್ಟೇ ನೀರು. ಮೇಲಾಗಿ ನಮ್ಮ ಬೋರಿನ ಗಡಸು ನೀರಿಗೆ ತಿಂಗಳೊಳಗೆ ಜಾಲರಿಗಳ ಕಣ್ಣೆಲ್ಲ ಬೆಳ್ಳಗೆ ಕಟ್ಟಿಕೊಂಡವು. ಹಿತ್ತಾಳೆ ಚೊಂಬಿನ ಜೊತೆ ಅವನ್ನೂ ಹುಣಸೆಹುಳಿಯಲ್ಲಿ ನೆನೆಹಾಕುವ ಗ್ರಹಚಾರ ನನ್ನ ಪಾಲಿಗೆ ಬಂತು.

ಕಡಿಮೆ ನೀರಿನ ಶವರ್ ತಗೊಳ್ಳಿ ಅಂತಲೂ ಅವನು ದುಂಬಾಲು ಬಿದ್ದಿದ್ದ. ಚೊಂಬಿನಲ್ಲಿ ಮೀಯುವವರಿಗೆ ಶವರ್ ಯಾಕಪ್ಪಾ ಎಂದು ವಾಪಸ್ ಬಂದಿದ್ದೆ. ಇಷ್ಟಾದರೂ ಟ್ಯಾಂಕು ಮಾತ್ರ ಮೊದಲಿನ ಹಾಗೇ ಬರಿದಾಗುತ್ತಿತ್ತು.

ಕೊನೆಗೆ ಪ್ಲಂಬರನಿಗೆ ಹೇಳಿ ಕಳುಹಿಸಿದೆ. ಅವನಿಗೆ ಬಿಡುವಾದದ್ದು ಭಾನುವಾರ. ಸೊಸೆ ಬ್ಯಾಗನ್ನು ಬಾಗಿಲ ಬಳಿ ಇಟ್ಟು ಹೊರಡುವುದರಲ್ಲಿದ್ದಳು. ಅವನನ್ನು ಹಿತ್ತಲಿಗೆ ಕರೆದು ಮೆಲ್ಲಗೆ, "ಅವಳ ಬಚ್ಚಲಿನ ವಾಲ್ವ್ ಅರ್ಧ ಮುಚ್ಬಿಡಪ್ಪ," ಅಂದೆ.

ಅವನು ನನ್ನನ್ನೇ ನೋಡಿದ. "ಮೊದ್ಲು ಲೀಕ್ ಎಲ್ಲಿದೆ ನೋಡಾಣ ಕಣಮ್ಮ. ಕಮೋಡಿನ ಟ್ಯಾಂಕಿಗೆ ಬಣ್ಣ ಹಾಕ್ಬೇಕು, ತಾನಾಗೇ ಕೆಳಗಿಳಿದ್ರೆ ಅಲ್ಲೇ ಸೋರ್ತೈತೆ ಅಂತ ಲೆಕ್ಕ. ಚೂರು ಕುಂಕುಮ ಕೊಡಿ."

"ಥೂ! ಕುಂಕುಮಾನ ಅಲ್ಲಿಗೆ ಹಾಕ್ತೀಯೇನೋ? ಬುದ್ಧಿ ಇದ್ಯಾ ನಿಂಗೆ?"

ನನ್ನ ಕೂಗಿಗೆ ಸೊಸೆ ಬಂದಳು. ವಿಷಯ ತಿಳಿದು, ಬಿಳಿ ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ ಎಂದು ತರಲು ಒಳಗೆ ಹೋದಳು. ಅಷ್ಟರಲ್ಲಿ ನಾನು ಬಾಗಿಲ ಬಳಿಗೆ ಬಂದೆ, ನನ್ನ ಕೈ ಅವಳ ಬ್ಯಾಗಿನ ಜಿಪ್ಪಿಗೆ ಹೋಯಿತು. ಪ್ರತಿವಾರ ತವರಿಗೆ ಏನು ಸಾಗಿಸುತ್ತಾಳೋ ಎಂಬ ಅನುಮಾನ, ಇನ್ನೇನು. ಒಳಗಿದ್ದದ್ದು ಒಂದು ಟವೆಲ್, ಬಾಚಣಿಗೆ, ಒಂದು ಪೊಟ್ಟಣ ಸೀಗೆಪುಡಿ. ತಲೆಗೆ ನೀರು ಹಾಕಿಕೊಳ್ಳಲು ಅವಳು ತರೀಕೆರೆಗೆ ಹೋಗುತ್ತಿದ್ದಳು. ಅವಳು ಬರುವ ಮೊದಲೇ ಜಿಪ್ ಎಳೆದುಬಿಟ್ಟೆ.

ಪ್ಲಂಬರು ಕಮೋಡಿನ ಟ್ಯಾಂಕಿಗೆ ನೀಲಿ ಸುರಿದ. ಯಾರೂ ಫ್ಲಶ್ ಮುಟ್ಟಲಿಲ್ಲ. ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಕಮೋಡಿನೊಳಗೆ ನೀಲಿ ಇಳಿದಿತ್ತು.

"ಟ್ಯಾಂಕಿನ ತಳದ ರಬ್ಬರ್‌ಗೆ ಬಿಳೀದು ಕಟ್ಕಂಡು ಸರ್ಯಾಗಿ ಕೂರ್ತಿಲ್ಲ. ಹಗ್ಲೂ ರಾತ್ರಿ ಸೋರಿ ಹೋಗೈತೆ ಕಣಮ್ಮ. ಈ ರಬ್ಬರ್ ಬದ್ಲಾಯ್ಸಿ ಸಾಕು, ಇನ್ಯಾವ ಸಾಮಾನೂ ಬ್ಯಾಡ," ಅಂದ. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ವರ್ಷವಿಡೀ ಪಕ್ಕದ ತಟ್ಟೆಯಲ್ಲಿ ನೊಣ ಹುಡುಕಿದ್ದೆ. ನಾಚಿಕೆಯಿಂದ ಸೊಸೆಯ ಮುಖ ನೋಡಲಾಗಲಿಲ್ಲ.

ಅವಳು ಬ್ಯಾಗ್ ಎತ್ತಿಕೊಂಡಳು. "ಬಸ್ಸಿಗೆ ಹೊತ್ತಾಯ್ತು, ಬರ್ತೀನಿ ಅತ್ತೆ."

"ಇವತ್ತು ಹೋಗ್ಬೇಡ ಕಣೇ," ಅಂದೆ. "ಇಲ್ಲೇ ತಲೆಗೆ ಹಾಕ್ಕೋ. ನೀರು ನಾನು ಕಾಯಿಸ್ತೀನಿ."

ಅವಳು ಬ್ಯಾಗ್ ಕೆಳಗಿಟ್ಟು ಸೀಗೆಪುಡಿಯ ಪೊಟ್ಟಣ ಹೊರತೆಗೆದಳು. ಆಮೇಲೆ ಕೇಳಿದಳು, "ಎಷ್ಟು ಬಕೆಟ್ ಹಾಕ್ಕೊಳ್ಲಿ ಅತ್ತೆ?"

ಕೊಂಕಿನ ಮಾತಾಗಿದ್ದರೆ ನಾನೂ ಒಂದು ಕೊಂಕು ಆಡಿ ಮುಗಿಸುತ್ತಿದ್ದೆ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು.